ಪಾಠ ಮುಗಿದ ಮೇಲಿನ ಗಂಟೆ

ವಾಣಿಜ್ಯಶಾಸ್ತ್ರದ ಪ್ರಾಧ್ಯಾಪಕರ ಕೆಲಸದಲ್ಲಿ ವೇಳಾಪಟ್ಟಿಗೆ ಸಿಗುವುದು ಅರ್ಧ ಮಾತ್ರ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ ಅದು 14 ಗಂಟೆ. ಲೆಕ್ಕಶಾಸ್ತ್ರ, ವೆಚ್ಚದ ಲೆಕ್ಕ, ಆದಾಯ ತೆರಿಗೆ, ಆಡಿಟಿಂಗ್, ಕಂಪನಿ ಕಾನೂನು, ನಿರ್ವಹಣಾಶಾಸ್ತ್ರ, ಎಲ್ಲವೂ ಆ ಗಂಟೆಗಳೊಳಗೇ ಆಗಬೇಕು. ಉಳಿದರ್ಧ ಶುರುವಾಗುವುದು ಬೆಲ್ ಹೊಡೆದ ಮೇಲೆ. ಸ್ಟಾಫ್ ರೂಮಿನ ಬಾಗಿಲಲ್ಲಿ ವಿದ್ಯಾರ್ಥಿಯೊಬ್ಬ ಬಂದು ನಿಂತು, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ 'ಸರ್, ಒಂದ್ನಿಮಿಷ' ಎನ್ನುತ್ತಾನೆ. ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ತುಮಕೂರಿನ ಕಾಲೇಜುಗಳಿಗೆ ಬರುವ ಮಕ್ಕಳ ಓದು ಎತ್ತ ತಿರುಗುತ್ತದೆ ಎಂಬುದು ಬಹಳ ಸಲ ಆ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಲೆಕ್ಕ ಬರೆಯುವ ವಿದ್ಯೆ ಮೊದಲಿನಿಂದಲೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ವಿದ್ಯೆ. ಡಬಲ್ ಎಂಟ್ರಿ ಪದ್ಧತಿಯನ್ನು ವಿವರಿಸಿದ ಮೊದಲ ಮುದ್ರಿತ ಪುಸ್ತಕ 1494ರಲ್ಲಿ ವೆನಿಸ್ ನಗರದಲ್ಲಿ ಹೊರಬಂತು. ಬರೆದವರು ಲೂಕಾ ಪಾಚಿಯೋಲಿ, ಗಣಿತದ ಮೇಷ್ಟ್ರು, ಕ್ರೈಸ್ತ ಸನ್ಯಾಸಿ. ಅವರು ಚಿಕ್ಕವರಿದ್ದಾಗ ಅದೇ ವೆನಿಸ್‌ನಲ್ಲಿ ಒಬ್ಬ ವರ್ತಕನ ಮನೆಯಲ್ಲಿದ್ದು ಅವನ ಗಂಡುಮಕ್ಕಳಿಗೆ ಪಾಠ ಹೇಳಿದ್ದರು. ನಮ್ಮ ಕಡೆಯ ಮಂಡಿಗಳಲ್ಲೂ ಕ್ರಮ ಬೇರೆ ಇರಲಿಲ್ಲ. ಗುಮಾಸ್ತನ ಪಕ್ಕದಲ್ಲಿ ಕುಳಿತ ಹುಡುಗ ಮೊದಲು ಕಿರ್ದಿ ಬರೆಯುವುದನ್ನು ನೋಡುತ್ತಿದ್ದ, ಆಮೇಲೆ ಖಾತೆಗೆ ಏರಿಸುವುದನ್ನು ಕಲಿಯುತ್ತಿದ್ದ, ದೀಪಾವಳಿಯ ಹೊತ್ತಿಗೆ ಹೊಸ ಪುಸ್ತಕ ತೆರೆಯುವ ದಿನ ಅವನ ಕೈಗೂ ಲೇಖನಿ ಬರುತ್ತಿತ್ತು. ತಪ್ಪಾದರೆ ಅಲ್ಲೇ ತಿದ್ದುತ್ತಿದ್ದರು. ಕಾಲೇಜು ಬಂದ ಮೇಲೆ ಒಬ್ಬ ಮೇಷ್ಟ್ರ ಎದುರು ಎಂಬತ್ತು, ತೊಂಬತ್ತು ಮಂದಿ ಕೂರುವಂತಾಯಿತು. ಪಕ್ಕದಲ್ಲಿ ಕೂರಿಸಿಕೊಳ್ಳುವ ಆ ಹಳೆಯ ಪದ್ಧತಿಯನ್ನು ಈ ಗುಂಪಿನೊಳಗೆ ಹೇಗೆ ಉಳಿಸಿಕೊಳ್ಳುವುದು ಎಂಬ ಪ್ರಶ್ನೆ ಅಂದಿನಿಂದಲೂ ಇದೆ.

ಭಾರತದಲ್ಲಿ ವಾಣಿಜ್ಯಶಾಸ್ತ್ರ ಕಾಲೇಜಿನ ವಿಷಯವಾಗಿ ನೆಲೆಯೂರಿದ್ದು 20ನೆಯ ಶತಮಾನದ ಆರಂಭದಲ್ಲಿ. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು 1913ರಲ್ಲಿ ಶುರುವಾಯಿತು. ಭಾರತದ ಲೆಕ್ಕಶಾಸ್ತ್ರದ ಪಿತಾಮಹ ಎಂದು ಹೆಸರಾದ ಕೆ. ಎಸ್. ಅಯ್ಯರ್ ಅದರ ಮೊದಲ ದಿನಗಳಲ್ಲಿ ದುಡಿದವರು. ಮೈಸೂರು ಸಂಸ್ಥಾನದಲ್ಲಿ ಅದೇ ಕಾಲಕ್ಕೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಮತ್ತು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. ಕರಾವಳಿಯಲ್ಲಿ ಅಷ್ಟರೊಳಗೆ ಕೆನರಾ ಬ್ಯಾಂಕೂ ಉಡುಪಿಯ ಕಾರ್ಪೊರೇಷನ್ ಬ್ಯಾಂಕೂ 1906ರಲ್ಲೇ ಶುರುವಾಗಿದ್ದವು. ಬ್ಯಾಂಕು ಬಂದರೆ ಲೆಕ್ಕ ಬಲ್ಲವರು ಬೇಕು, ಲೆಕ್ಕ ಬಲ್ಲವರು ಬೇಕಾದರೆ ಕಲಿಸುವವರು ಬೇಕು. ಕಾಮರ್ಸ್ ಮೇಷ್ಟ್ರ ಹುದ್ದೆ ಬೆಳೆದದ್ದು ಹೀಗೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ (ಐಐಎಂ) 1973ರಲ್ಲಿ ಆರಂಭವಾಯಿತು, ಮಣಿಪಾಲದಲ್ಲಿ ಟಿ. ಎ. ಪೈ ಅವರ ಹೆಸರಿನ ನಿರ್ವಹಣಾ ಸಂಸ್ಥೆ 1980ರಲ್ಲಿ. ತುಮಕೂರಿಗೆ ಸ್ವಂತ ವಿಶ್ವವಿದ್ಯಾನಿಲಯ ಸಿಕ್ಕಿದ್ದು 2004ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ. ಅಲ್ಲಿ ವಾಣಿಜ್ಯಶಾಸ್ತ್ರ ಮತ್ತು ವ್ಯವಹಾರ ಆಡಳಿತದ ಸ್ನಾತಕೋತ್ತರ ವಿಭಾಗಗಳಿವೆ. ಗುಬ್ಬಿ, ಕುಣಿಗಲ್‌ಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಂದ ಬಿ.ಕಾಂ. ಮುಗಿಸಿದ ಮಕ್ಕಳು ಎಂ.ಕಾಂ. ಓದಲು ಬೆಂಗಳೂರಿನಲ್ಲಿ ರೂಮು ಹುಡುಕಬೇಕಾದ ಅಗತ್ಯ ಇದರಿಂದ ಕಡಿಮೆಯಾಯಿತು.

ಈ ಹುದ್ದೆಗೆ ಬರುವ ದಾರಿ ಉದ್ದವಾದದ್ದು. ಎಂ.ಕಾಂ. ಅಥವಾ ಎಂ.ಬಿ.ಎ.ಯಲ್ಲಿ ಶೇಕಡಾ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇಕಡಾ 5ರ ರಿಯಾಯಿತಿ ಇದೆ. ಅದರ ಮೇಲೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆಸೆಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆಯಬೇಕು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಾಗಬೇಕೇ ಎಂಬ ಚರ್ಚೆ ಕೆಲವು ವರ್ಷ ನಡೆದು, 2023ರ ಜುಲೈನಲ್ಲಿ ಯುಜಿಸಿ ನೆಟ್, ಸೆಟ್‌ಗಳೇ ಕನಿಷ್ಠ ಅರ್ಹತೆ ಎಂದು ಸ್ಪಷ್ಟಪಡಿಸಿತು. ಏಳನೆಯ ವೇತನ ಶ್ರೇಣಿಯಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ. ಮುಂದಿನ ಬಡ್ತಿಗಳಿಗೆ ಪಾಠದ ಅನುಭವ, ತರಬೇತಿ ಶಿಬಿರಗಳು, ಪ್ರಕಟವಾದ ಲೇಖನಗಳು, ಪಿಎಚ್.ಡಿ. ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೊರಗಿನಿಂದ ನೋಡುವವರಿಗೆ ಇದು ನೆಮ್ಮದಿಯ ಕೆಲಸ. ಆದರೆ ಆ ನೆಮ್ಮದಿ ಸಿಕ್ಕಿರುವುದು ಎಲ್ಲರಿಗೂ ಅಲ್ಲ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿವೆ. ಹಳ್ಳಿ ಕಡೆಯ ಕಾಲೇಜುಗಳಲ್ಲಿ ಬಿ.ಕಾಂ. ತರಗತಿ ನಡೆಯುವುದೇ ಬಹುಪಾಲು ಇವರಿಂದ. ಮುಂದಿನ ವರ್ಷ ತನಗೆ ಇದೇ ಕಾಲೇಜು ಸಿಗುತ್ತದೆಯೋ ಇಲ್ಲವೋ ಎಂದು ತಿಳಿಯದ ಉಪನ್ಯಾಸಕ, ಮೊದಲ ವರ್ಷದ ಹುಡುಗಿಗೆ ಮೂರನೆಯ ವರ್ಷದ ತನಕದ ದಾರಿ ತೋರಿಸುತ್ತಾ ಕೂರುತ್ತಾನೆ. ವಿದ್ಯಾರ್ಥಿಗಳಿಗೆ ಆಸರೆಯಾಗುವ ಮಾತು ಬಂದಾಗಲೆಲ್ಲ ಈ ಅತಿಥಿ ಉಪನ್ಯಾಸಕರ ಹೆಸರನ್ನು ಮೊದಲು ಹೇಳಬೇಕು. ಅವರಿಗೆ ಖಾಯಂ ಕೆಲಸದ ಭದ್ರತೆ ಕೊಡದೆ ವಿದ್ಯಾರ್ಥಿಗಳ ಮಾರ್ಗದರ್ಶನದ ಬಗ್ಗೆ ಸುತ್ತೋಲೆ ಹೊರಡಿಸುವುದು ಬೇರಿಗೆ ನೀರು ಹಾಕದೆ ಎಲೆ ಒರೆಸಿದಂತೆ.

ಬಾಗಿಲಲ್ಲಿ ಬಂದು ನಿಲ್ಲುವ ವಿದ್ಯಾರ್ಥಿ ಯಾರು? ತುಮಕೂರು ಸೀಮೆಯಲ್ಲಿ ಬಿ.ಕಾಂ. ಸೇರುವವರಲ್ಲಿ ಹಲವರು ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ತೆಂಗು, ಅಡಕೆ, ರಾಗಿ ಬೆಳೆಯುವ ಮನೆಗಳವರು, ಊರಲ್ಲಿ ಸಣ್ಣ ಅಂಗಡಿ ಇಟ್ಟವರ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ಇಲ್ಲವಾಗಿದೆ, ಸಂಜೆ ಕತ್ತಲಾಗುವ ಮೊದಲು ಮನೆ ಸೇರಬೇಕೆಂಬ ಕಟ್ಟು ಮಾತ್ರ ಇದ್ದ ಹಾಗೇ ಇದೆ. ಸಂಜೆ ಐದಕ್ಕೆ ವಿಶೇಷ ತರಗತಿ ಇಡುವ ಮೇಷ್ಟ್ರಿಗೆ ಬೆಳ್ಳಾವಿ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಆ ತರಗತಿಯಲ್ಲಿ ಪೇಟೆಯ ಮಕ್ಕಳಷ್ಟೇ ಉಳಿಯುತ್ತಾರೆ.

ಮೊದಲ ತೊಡಕು ಭಾಷೆಯದು. ಪಿಯುಸಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಪದವಿಯಲ್ಲಿ ಏಕಾಏಕಿ ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಪ್ರಶ್ನೆಪತ್ರಿಕೆ. ವಿಷಯ ಅರ್ಥವಾಗದ್ದಕ್ಕೂ ಮಾತು ಅರ್ಥವಾಗದ್ದಕ್ಕೂ ಇರುವ ವ್ಯತ್ಯಾಸ ವಿದ್ಯಾರ್ಥಿಗೇ ತಿಳಿಯುವುದಿಲ್ಲ. ತಾನು ದಡ್ಡ ಎಂದುಕೊಂಡು ಹಿಂದಿನ ಬೆಂಚಿಗೆ ಹೋಗುತ್ತಾನೆ. ಅನುಭವಸ್ಥ ಮೇಷ್ಟ್ರು ಇದನ್ನು ಮೊದಲ ತಿಂಗಳಲ್ಲೇ ಗುರುತಿಸುತ್ತಾರೆ. ಡಿಪ್ರಿಸಿಯೇಶನ್ ಎಂಬ ಉದ್ದನೆಯ ಪದಕ್ಕೆ ಕನ್ನಡದಲ್ಲಿ ಸವಕಳಿ ಎಂಬ ಮಾತಿದೆ. ಬೀಸುವ ಕಲ್ಲು ಸವೆಯುತ್ತದೆ, ಗಾಡಿಯ ಟೈರು ಸವೆಯುತ್ತದೆ, ಲಾರಿಯ ಬೆಲೆಯೂ ವರ್ಷ ವರ್ಷ ಸವೆಯುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಪಟ್ಟಿಯಾಗುತ್ತದೆ, ಎರಡು ಕಡೆಯ ಮೊತ್ತ ತಾಳೆಯಾಗಬೇಕು ಎಂಬುದು ಹೆಸರಿನಲ್ಲೇ ಇದೆ. ಬ್ಯಾಲೆನ್ಸ್ ಶೀಟಿಗೆ ಅಢಾವೆ ಪತ್ರಿಕೆ ಎಂಬ ಹೆಸರಿದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಡೆಬಿಟ್, ಕ್ರೆಡಿಟ್‌ಗಳಲ್ಲಿ. ನಗದು ಬಂದರೆ ಡೆಬಿಟ್ ಎಂದು ಪುಸ್ತಕ ಹೇಳುತ್ತದೆ. ಮನೆಯಲ್ಲಿರುವ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹಣ ಜಮೆಯಾದದ್ದನ್ನು ಕ್ರೆಡಿಟ್ ಎಂದು ಬರೆದಿರುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ಹುಡುಗ ತಲೆ ಕೆಡಿಸಿಕೊಳ್ಳುತ್ತಾನೆ. ಎರಡೂ ಸರಿಯೇ. ಪಾಸ್‌ಬುಕ್ಕು ಬ್ಯಾಂಕಿನ ಲೆಕ್ಕದ ಪ್ರತಿ. ಹಣ ಇಟ್ಟವನಿಗೆ ಅದು ಆಸ್ತಿ, ಬ್ಯಾಂಕಿಗೆ ಅದು ಸಾಲ, ಎಂದಾದರೂ ಹಿಂದಿರುಗಿಸಬೇಕಾದ ಬಾಕಿ. ಒಂದೇ ಸಾವಿರ ರೂಪಾಯಿ ಇಟ್ಟವನ ಪುಸ್ತಕದಲ್ಲಿ ಒಂದು ಕಡೆಗೂ ಬ್ಯಾಂಕಿನ ಪುಸ್ತಕದಲ್ಲಿ ಎದುರು ಕಡೆಗೂ ಕೂರುತ್ತದೆ. ಇದನ್ನು ಬೋರ್ಡಿನ ಮೇಲೆ ಹೇಳಿದಾಗ ತಲೆಯಾಡಿಸಿದವನಿಗೂ, ಅವನಪ್ಪನ ಪಾಸ್‌ಬುಕ್ಕನ್ನೇ ಮುಂದಿಟ್ಟು ಹತ್ತು ನಿಮಿಷ ವಿವರಿಸಿದಾಗಷ್ಟೇ ಮನಸ್ಸಿನಲ್ಲಿ ಕೂರುತ್ತದೆ. ಮಂಡಿಯಿಂದ ಅಪ್ಪ ತಂದ ಲೆಕ್ಕದ ಚೀಟಿಯೂ ಒಳ್ಳೆಯ ಪಾಠಪುಸ್ತಕವೇ. ತೂಕ, ದರ, ಹಮಾಲಿ, ಮುಂಗಡದ ಕಡಿತ, ಕೈಗೆ ಬಂದದ್ದು ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ದರ ಬಿದ್ದಾಗ, ಸಹಕಾರಿ ಸಂಸ್ಥೆ ನಾಫೆಡ್ ಬೆಂಬಲ ಬೆಲೆಗೆ ಖರೀದಿ ಶುರುಮಾಡಿದಾಗ, ಆ ಚೀಟಿಯ ಮೊತ್ತ ಹೇಗೆ ಬದಲಾಗುತ್ತದೆ ಎಂದು ಲೆಕ್ಕ ಹಾಕಿದ ವಿದ್ಯಾರ್ಥಿಗೆ ಬೇಡಿಕೆ, ಪೂರೈಕೆ ಎಂಬ ಅಧ್ಯಾಯವನ್ನು ಮತ್ತೆ ಹೇಳಬೇಕಾಗುವುದಿಲ್ಲ.

ಕಲಿಸುವ ವಿಷಯವನ್ನು ಕನ್ನಡದೊಳಕ್ಕೆ ತರುವ ಈ ಕೆಲಸಕ್ಕೆ ಬೆಳ್ಳಾವಿಯದೇ ಒಂದು ದೊಡ್ಡ ಹೆಸರಿದೆ. ಬೆಳ್ಳಾವೆ ವೆಂಕಟನಾರಣಪ್ಪನವರು 1872ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಅವರ ವಿಷಯ ವಾಣಿಜ್ಯವಲ್ಲ. ಆದರೆ ಪ್ರಾಧ್ಯಾಪಕನ ಹೊಣೆ ತರಗತಿಯ ಗೋಡೆಗೆ ಮುಗಿಯುವುದಿಲ್ಲ ಎಂಬುದಕ್ಕೆ ಈ ನೆಲದಲ್ಲಿ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕಾಲೇಜಿನಲ್ಲಿ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ, 1918ರ ಸುಮಾರಿಗೆ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ ಅವರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರತಂದರು. ಪತ್ರಿಕೆ ಬಹಳ ಕಾಲ ಬಾಳಲಿಲ್ಲ, ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದು ಎಂಬುದು ಅದರಿಂದ ಸಾಬೀತಾಯಿತು. ಅವರು ಪಂಪಭಾರತವನ್ನು ಸಂಪಾದಿಸಿದರು, ಜೀವವಿಜ್ಞಾನದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು, ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ವರ್ಷಗಟ್ಟಲೆ ದುಡಿದರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. 1943ರಲ್ಲಿ ತೀರಿಕೊಂಡರು. ಪ್ರಯೋಗಶಾಲೆಯ ಮೇಷ್ಟ್ರೊಬ್ಬರು ಪಂಪನ ಪಾಠವನ್ನೂ ತಿದ್ದುತ್ತಾ ಕೂತದ್ದು ಆ ಕಾಲದ ಅಧ್ಯಾಪಕರ ಮನಸ್ಸಿನ ವಿಸ್ತಾರವನ್ನು ತೋರಿಸುತ್ತದೆ. ವಾಣಿಜ್ಯಶಾಸ್ತ್ರಕ್ಕೆ ಅಂಥ ಕನ್ನಡ ಪತ್ರಿಕೆಯೊಂದರ ಅಗತ್ಯ ಇಂದು ಅಂದಿನಷ್ಟೇ ಇದೆ.

ಮಾರ್ಗದರ್ಶನಕ್ಕೆ ಈಗ ಕಾಲೇಜುಗಳಲ್ಲಿ ಕಾಗದದ ರೂಪವೂ ಬಂದಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ನೆಲೆಸಿದೆ. ಒಬ್ಬ ಅಧ್ಯಾಪಕರಿಗೆ ಎಷ್ಟು ವಿದ್ಯಾರ್ಥಿಗಳ ಮೇಲ್ವಿಚಾರಣೆ ಎಂದು ಅದು ಕೇಳುತ್ತದೆ. ಹಾಗಾಗಿ ಬಹುತೇಕ ಕಾಲೇಜುಗಳಲ್ಲಿ ಮೆಂಟರ್ ಪುಸ್ತಕ ಎಂಬುದೊಂದು ಇರುತ್ತದೆ. ವಿದ್ಯಾರ್ಥಿಯ ಹೆಸರು, ಪೋಷಕರ ಫೋನ್ ನಂಬರು, ಹಾಜರಾತಿ, ಕಿರುಪರೀಕ್ಷೆಯ ಅಂಕ, ಭೇಟಿಯ ದಿನಾಂಕ, ಸಹಿ. ಹೊಸಬರನ್ನು ಕಾಲೇಜಿಗೆ ಹೊಂದಿಸಲು ಯುಜಿಸಿ 2019ರಲ್ಲಿ ದೀಕ್ಷಾರಂಭ ಎಂಬ ಕಾರ್ಯಕ್ರಮದ ಮಾರ್ಗಸೂಚಿ ಕೊಟ್ಟಿತು. ಮೆಂಟರ್ ಪುಸ್ತಕದಿಂದ ಒಂದು ಉಪಯೋಗ ನಿಜಕ್ಕೂ ಇದೆ. ಯಾರೂ ಕೇಳದೆ ಬಿಟ್ಟುಹೋಗುತ್ತಿದ್ದ ಮೌನದ ವಿದ್ಯಾರ್ಥಿಯ ಹೆಸರೂ ಒಬ್ಬರ ಪಟ್ಟಿಯಲ್ಲಿ ಇರುತ್ತದೆ. ಸಹಿಗಳನ್ನು ಒಂದೇ ದಿನ ಹಾಕಿಸಿಕೊಂಡರೆ ಆ ಉಪಯೋಗ ಅಲ್ಲಿಗೇ ಮುಗಿಯುತ್ತದೆ.

ನಿಜವಾದ ಭೇಟಿಗಳಲ್ಲಿ ನಡೆಯುವ ಮಾತು ಬಹಳ ಸಲ ಪಠ್ಯದ ಬಗ್ಗೆ ಇರುವುದೇ ಇಲ್ಲ. ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗಿದೆ, ಕಾರಣ ಆಧಾರ್ ಕಾರ್ಡಿನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ನಾಳೆ. ಅಕ್ಕನ ಮದುವೆಗೆ ಹತ್ತು ದಿನ ರಜೆ ಹಾಕಿ ಹಾಜರಾತಿ ಕಡಿಮೆಯಾಗಿದೆ. ಎರಡನೆಯ ವರ್ಷದಲ್ಲೇ ಗಂಡು ನೋಡುತ್ತಿದ್ದಾರೆ, ಅಪ್ಪನ ಹತ್ತಿರ ಸರ್ ಒಂದು ಮಾತು ಹೇಳಬಹುದೇ. ಈ ಕೊನೆಯ ವಿನಂತಿ ಬಂದಾಗ ಅಧ್ಯಾಪಕರು ಎಚ್ಚರದಿಂದ ನಡೆಯಬೇಕಾಗುತ್ತದೆ. ಮನೆಯ ವಿಷಯದಲ್ಲಿ ತಲೆಹಾಕಿದರು ಎನ್ನಿಸಿಕೊಳ್ಳಬಾರದು, ಹಾಗೆಂದು ಕೈಕಟ್ಟಿ ಕೂರಲೂ ಆಗುವುದಿಲ್ಲ. ನುರಿತವರು ಅಪ್ಪನನ್ನು ಕಾಲೇಜಿಗೆ ಬರಮಾಡಿಕೊಂಡು ಮಗಳ ಅಂಕಪಟ್ಟಿಯನ್ನು ಮುಂದಿಡುತ್ತಾರೆ. 'ನೋಡಿ ಯಜಮಾನ್ರೇ, ಇನ್ನೊಂದು ವರ್ಷ ಬಿಟ್ಟರೆ ಡಿಗ್ರಿ ಕೈಗೆ ಬರುತ್ತೆ' ಎನ್ನುವ ಮಾತಿಗೆ, ಯಾವ ಭಾಷಣಕ್ಕೂ ಇಲ್ಲದ ತೂಕ ಇರುತ್ತದೆ. ಏಕೆಂದರೆ ಅದನ್ನು ಹೇಳುತ್ತಿರುವವರು ಮಗಳ ಹೆಸರು, ಅಂಕ, ಆಸೆ ಮೂರನ್ನೂ ಬಲ್ಲವರು.

ಮುಂದೇನು ಎಂಬ ಪ್ರಶ್ನೆ ಮೂರನೆಯ ವರ್ಷದ ಆರಂಭದಲ್ಲಿ ಬರುತ್ತದೆ, ಬರಬೇಕಾದದ್ದು ಮೊದಲ ವರ್ಷದಲ್ಲಿ. ಚಾರ್ಟರ್ಡ್ ಅಕೌಂಟೆಂಟ್ ಆಗುವುದು ಹಣವಂತರ ಮಕ್ಕಳಿಗೆ ಮಾತ್ರ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. 1949ರ ಕಾಯ್ದೆಯಡಿ ಹುಟ್ಟಿದ ಸಿ.ಎ. ಸಂಸ್ಥೆಯ ಪರೀಕ್ಷೆಗೆ ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಹಂತಗಳಿವೆ. ವಾಣಿಜ್ಯ ಪದವಿಯಲ್ಲಿ ಶೇಕಡಾ 55 ಅಂಕ ಪಡೆದವರು ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. 2023ರ ಹೊಸ ಕ್ರಮದಲ್ಲಿ ಆರ್ಟಿಕಲ್‌ಶಿಪ್ ಎಂಬ ಕಚೇರಿ ತರಬೇತಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ, ಆ ಅವಧಿಯಲ್ಲಿ ಸ್ಟೈಪೆಂಡೂ ಸಿಗುತ್ತದೆ. ಇಷ್ಟನ್ನು ಹೇಳಿದರೆ ಸಾಕು, ಕೆಲವರ ದಾರಿ ಬದಲಾಗುತ್ತದೆ. ಇನ್ನು ಕೆಲವರಿಗೆ ಕಾಸ್ಟ್ ಅಕೌಂಟೆಂಟ್ ಅಥವಾ ಕಂಪನಿ ಸೆಕ್ರೆಟರಿ ಓದು ಹೊಂದುತ್ತದೆ. ಎಂ.ಬಿ.ಎ.ಗೆ ಪಿಜಿಸಿಇಟಿ ಇದೆ, ಬ್ಯಾಂಕ್ ಕೆಲಸಕ್ಕೆ ಐಬಿಪಿಎಸ್ ಪರೀಕ್ಷೆ ಇದೆ. ತಕ್ಷಣ ದುಡಿಯಲೇಬೇಕಾದವರಿಗೆ ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ತುಂಬುವ ಕೈಚಳಕ ಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಸಣ್ಣ ಊರುಗಳ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಈ ಕೆಲಸಕ್ಕೆ ಜನ ಬೇಕಾಗಿದ್ದಾರೆ. ತುಮಕೂರಿನ ಸುತ್ತ ಕೈಗಾರಿಕೆಯೂ ಬೆಳೆದಿದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಆರಂಭವಾಯಿತು. ಕಾರ್ಖಾನೆ ಎಂದರೆ ಎಂಜಿನಿಯರುಗಳಷ್ಟೇ ಅಲ್ಲ. ಸಾಮಾನು ಸರಬರಾಜು ಮಾಡುವ ಪ್ರತಿ ಸಣ್ಣ ಘಟಕಕ್ಕೂ ಬಿಲ್ಲು, ಸಂಬಳ, ತೆರಿಗೆ ನೋಡಿಕೊಳ್ಳುವವರು ಬೇಕು. ಇದನ್ನು ವಿದ್ಯಾರ್ಥಿಗೆ ಹೇಳಲು ಅಧ್ಯಾಪಕರೇ ಮೊದಲು ಅಲ್ಲಿಗೆ ಹೋಗಿ ನೋಡಿ ಬಂದಿರಬೇಕು.

ವಾಣಿಜ್ಯಶಾಸ್ತ್ರ ಕಲಿಸುವವರಿಗೆ ಮೌಲ್ಯದ ಪ್ರಶ್ನೆ ಮುಖ್ಯವಾಗುವುದಕ್ಕೆ ಒಂದು ವಿಶೇಷ ಕಾರಣವಿದೆ. ಲೆಕ್ಕ ಬಲ್ಲವನಿಗೆ ಲೆಕ್ಕ ತಿರುಚುವುದೂ ಗೊತ್ತಿರುತ್ತದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷರು ತಮ್ಮ ಕಂಪನಿಯ ಪುಸ್ತಕಗಳಲ್ಲಿ ವರ್ಷಗಳಿಂದ ಸುಳ್ಳು ಮೊತ್ತ ತೋರಿಸಿದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. ಇಲ್ಲದ ಹಣದ ಮೊತ್ತ ಸಾವಿರಾರು ಕೋಟಿ ರೂಪಾಯಿ. ಆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ನಿರ್ವಹಣಾಶಾಸ್ತ್ರದ ಹೆಸರಾಂತ ಪ್ರಾಧ್ಯಾಪಕರೂ ಇದ್ದರು. ವಂಚನೆ ಅವರಿಗೂ ಕಾಣಲಿಲ್ಲ ಎಂಬುದು ಕಾಮರ್ಸ್ ತರಗತಿಗಳಲ್ಲಿ ಬಹುಕಾಲ ಚರ್ಚೆಯಾಗಬೇಕಾದ ಸಂಗತಿ. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟ ವೃದ್ಧರು ಬಾಗಿಲ ಮುಂದೆ ನಿಂತಿದ್ದರು. ಅದೇ ವರ್ಷ ಫೆಬ್ರುವರಿಯಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆಡಿಟಿಂಗ್ ಪಾಠದಲ್ಲಿ ಬರುವ 'ಸತ್ಯ ಮತ್ತು ನ್ಯಾಯಯುತ ಚಿತ್ರ' ಎಂಬ ಮಾತಿನ ಅರ್ಥ ಆ ಸಾಲಿನಲ್ಲಿ ನಿಂತವರ ಮುಖದಲ್ಲಿತ್ತು. ಒಳ್ಳೆಯ ಮೇಷ್ಟ್ರು ಈ ಘಟನೆಗಳನ್ನು ಪಠ್ಯದ ಪಕ್ಕದಲ್ಲಿಟ್ಟು ಹೇಳುತ್ತಾರೆ. ತಮ್ಮ ನಡತೆಯಲ್ಲಿಯೂ ಅದನ್ನು ತೋರಿಸಬೇಕಾಗುತ್ತದೆ. ಆಂತರಿಕ ಅಂಕ ಕೊಡುವಾಗ ಮುಖ ನೋಡದಿರುವುದು, ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿಗೆ ತಮ್ಮ ಹೆಸರು ಸೇರಿಸಿಕೊಳ್ಳದಿರುವುದು, ಪ್ರವಾಸಕ್ಕೆ ಕೂಡಿಸಿದ ಹಣದ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುವುದು. ಈ ಕೊನೆಯದು ಸಣ್ಣದಾಗಿ ಕಂಡೀತು. ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಕೂಡಿ ಕಳೆದು ನೋಡಿಯೇ ನೋಡುತ್ತಾರೆ.

ಹುದ್ದೆಗಿಂತ ಕೆಲಸ ದೊಡ್ಡದು ಎಂದು ನಡೆದುಕೊಂಡ ಪ್ರಾಧ್ಯಾಪಕರು ನಿರ್ವಹಣಾಶಾಸ್ತ್ರದಲ್ಲಿ ಇದ್ದಾರೆ. ಅಹಮದಾಬಾದಿನ ಐಐಎಂಗೆ 1965ರಲ್ಲಿ ಮೊದಲ ಪೂರ್ಣಾವಧಿ ನಿರ್ದೇಶಕರಾದ ರವಿ ಮಥಾಯ್ 1972ರಲ್ಲಿ ತಾವಾಗಿಯೇ ಆ ಕುರ್ಚಿ ಬಿಟ್ಟು ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಉಳಿದರು. ಒಬ್ಬರೇ ಬಹುಕಾಲ ನಿರ್ದೇಶಕರಾಗಿ ಕೂರುವುದು ಸಂಸ್ಥೆಗೆ ಒಳ್ಳೆಯದಲ್ಲ ಎಂಬುದು ಅವರ ನಿಲುವು. ಆಮೇಲೆ ರಾಜಸ್ಥಾನದ ಜವಾಜಾದ ನೇಕಾರರು ಮತ್ತು ಚರ್ಮದ ಕೆಲಸಗಾರರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ಬೆಂಗಳೂರು ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಯನ್ನು ನಿರ್ವಹಣಾಶಾಸ್ತ್ರದ ವಿಷಯ ಮಾಡಿದರು. ನೊಗದಿಂದ ಎತ್ತಿನ ಹೆಗಲು ಗಾಯವಾಗುವುದು, ಗಾಡಿಯ ಭಾರ, ಗಾಡಿ ಹೊಡೆಯುವವನ ಆದಾಯ, ಎಲ್ಲವನ್ನೂ ಒಟ್ಟಾಗಿ ನೋಡಿದರು. ರಾಗಿ, ತೆಂಗಿನ ಸೀಮೆಯ ಓದುಗರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಮುಂದೆ ಅದೇ ಬೆಂಗಳೂರು ಐಐಎಂಗೆ ಬಂದ ತ್ರಿಲೋಚನ ಶಾಸ್ತ್ರಿ 1999ರಲ್ಲಿ ಸಹೋದ್ಯೋಗಿ ಪ್ರಾಧ್ಯಾಪಕರ ಜೊತೆ ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಚುನಾವಣೆಗೆ ನಿಲ್ಲುವವರು ತಮ್ಮ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳನ್ನು ಬಹಿರಂಗಪಡಿಸಬೇಕು ಎಂಬುದು ಅವರ ಬೇಡಿಕೆ. ಸುಪ್ರೀಂ ಕೋರ್ಟು 2002ರ ಮೇ 2ರಂದು ಅದನ್ನು ಎತ್ತಿಹಿಡಿಯಿತು. ಇಂದು ಪ್ರತಿ ಚುನಾವಣೆಯಲ್ಲೂ ಪತ್ರಿಕೆಗಳಲ್ಲಿ ಬರುವ ಅಭ್ಯರ್ಥಿಗಳ ಆಸ್ತಿ ವಿವರದ ಹಿಂದೆ ಕಾಮರ್ಸ್ ತರಗತಿಯ ಒಂದು ಸರಳ ತತ್ವ ಇದೆ, ಹಣದ ಹೊಣೆ ಹೊರುವವನು ತನ್ನ ಲೆಕ್ಕ ತೋರಿಸಬೇಕು.

ಹಾರ್ವರ್ಡಿನ ನಿರ್ವಹಣಾಶಾಸ್ತ್ರದ ಪ್ರಾಧ್ಯಾಪಕ ಕ್ಲೇಟನ್ ಕ್ರಿಸ್ಟೆನ್ಸೆನ್ ಕೋರ್ಸಿನ ಕೊನೆಯ ದಿನ ವಿದ್ಯಾರ್ಥಿಗಳ ಮುಂದೆ ಮೂರು ಪ್ರಶ್ನೆ ಇಡುತ್ತಿದ್ದರು. ಕೆಲಸದಲ್ಲಿ ಸಂತೋಷವಾಗಿರುವುದು ಹೇಗೆ, ಮನೆಯವರ ಜೊತೆಗಿನ ಸಂಬಂಧ ಬಾಳಿಕೆ ಬರುವಂತೆ ನೋಡಿಕೊಳ್ಳುವುದು ಹೇಗೆ, ಜೈಲಿಗೆ ಹೋಗದಿರುವುದು ಹೇಗೆ. ಮೂರನೆಯದನ್ನು ಅವರು ತಮಾಷೆಗೆ ಕೇಳುತ್ತಿರಲಿಲ್ಲ. ಅಮೆರಿಕದ ಎನ್ರಾನ್ ಕಂಪನಿಯ ಹಗರಣದಲ್ಲಿ ಜೈಲು ಕಂಡ ಜೆಫ್ ಸ್ಕಿಲ್ಲಿಂಗ್, ಕ್ರಿಸ್ಟೆನ್ಸೆನ್ ಅವರ ಸಹಪಾಠಿಯಾಗಿದ್ದವರು. ಬಿ.ಕಾಂ. ಕೊನೆಯ ಸೆಮಿಸ್ಟರಿನಲ್ಲಿ ಇಂಥ ಒಂದು ತರಗತಿಗೆ ಯಾವ ಹೆಚ್ಚುವರಿ ಅನುದಾನವೂ ಬೇಕಾಗುವುದಿಲ್ಲ.

ತುಮಕೂರಿನಲ್ಲಿ ವಿದ್ಯಾರ್ಥಿಯನ್ನು ಇಡಿಯಾಗಿ ನೋಡಿಕೊಳ್ಳುವ ಪರಂಪರೆಯನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಉಚಿತ. 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ದಶಕಗಳ ಕಾಲ ಆ ದಾಸೋಹವನ್ನು ನಡೆಸಿದರು. ಜಾತಿ ಕೇಳದೆ ಮಕ್ಕಳನ್ನು ಸೇರಿಸಿಕೊಂಡ ಆ ಹಾಸ್ಟೆಲಿನಲ್ಲಿ ಬೆಳೆದು ಅಧ್ಯಾಪಕರಾದವರು ಜಿಲ್ಲೆಯ ಕಾಲೇಜುಗಳಲ್ಲಿ ಸಿಗುತ್ತಾರೆ. ಹಸಿದು ಬಂದ ಹುಡುಗನಿಗೆ ಮೊದಲು ಊಟವಾಯಿತೇ ಎಂದು ಕೇಳಿ, ಆಮೇಲೆ ಲೆಕ್ಕ ಬಂತೇ ಎಂದು ಕೇಳುವುದು ಅವರಿಗೆ ಯಾರೂ ತರಬೇತಿ ಕೊಟ್ಟು ಕಲಿಸಿದ್ದಲ್ಲ.

ವೃತ್ತಿಯ ಹಿರಿಯ ಹಂತದಲ್ಲಿ ಮಾರ್ಗದರ್ಶನಕ್ಕೆ ಇನ್ನೊಂದು ಮುಖ ಬರುತ್ತದೆ, ಅದು ಸಂಶೋಧನೆ. ಯುಜಿಸಿ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಹೆಚ್ಚೆಂದರೆ 8 ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಬಹುದು. ಸಹ ಪ್ರಾಧ್ಯಾಪಕರಿಗೆ ಆ ಸಂಖ್ಯೆ 6, ಸಹಾಯಕ ಪ್ರಾಧ್ಯಾಪಕರಿಗೆ 4. ಈ ಮಿತಿ ಒಳ್ಳೆಯದು. ಇಲ್ಲಿ ಎದುರಾಗುವ ಕಷ್ಟ ವಿಷಯದ ಆಯ್ಕೆಯದು. ದೂರದ ಪುಸ್ತಕಗಳಿಂದ ಶೀರ್ಷಿಕೆ ಎತ್ತಿಕೊಂಡು, ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿ ಮುಗಿಸಿದ ಪ್ರಬಂಧಗಳು ಕಪಾಟಿನಲ್ಲಿ ಕೂರುತ್ತವೆ. ಜಿಲ್ಲೆಯೊಳಗೇ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ತೆಂಗು ಬೆಳೆಗಾರ ತನ್ನ ಸ್ವಂತ ದುಡಿಮೆಗೆ ಕೂಲಿ ಲೆಕ್ಕ ಹಾಕಿಕೊಂಡರೆ ಎಕರೆಗೆ ನಿಜವಾಗಿ ಏನು ಉಳಿಯುತ್ತದೆ? ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರಿಗೆ ಅಢಾವೆ ಪತ್ರಿಕೆ ಎಷ್ಟು ಅರ್ಥವಾಗುತ್ತದೆ? ಸ್ತ್ರೀಶಕ್ತಿ ಗುಂಪುಗಳಲ್ಲಿ ಸಾಲದ ಪುಸ್ತಕ ಬರೆಯುವವರು ಯಾರು, ಅವರಿಗೆ ಅದನ್ನು ಕಲಿಸಿದವರು ಯಾರು? ಇಂಥದೊಂದು ಪ್ರಶ್ನೆ ಹಿಡಿದು ವಿದ್ಯಾರ್ಥಿ ಊರೂರು ತಿರುಗಿ ಬಂದಾಗ, ಅವನ ಟಿಪ್ಪಣಿ ಓದಿ ತಿದ್ದಲು ಮಾರ್ಗದರ್ಶಕರು ಭಾನುವಾರಗಳನ್ನು ಬಿಟ್ಟುಕೊಡಬೇಕಾಗುತ್ತದೆ.

ಬಡ್ತಿಯ ಅರ್ಜಿಯಲ್ಲಿ ಈ ಭಾನುವಾರಗಳಿಗೆ ಹೆಚ್ಚಿನ ಜಾಗವಿಲ್ಲ. ಪ್ರಕಟವಾದ ಲೇಖನಕ್ಕೆ ಅಂಕ ಇದೆ, ಓದು ಬಿಡಲಿದ್ದ ಹುಡುಗಿಯನ್ನು ತರಗತಿಗೆ ಮರಳಿ ತಂದದ್ದಕ್ಕೆ ಇಲ್ಲ. ಅದರ ಲೆಕ್ಕ ಬೇರೆ ಕಡೆ ಸಿಗುತ್ತದೆ. ಲೆಕ್ಕ ಪರಿಶೋಧಕರಾದ ಹಳೆಯ ವಿದ್ಯಾರ್ಥಿಗಳು ಆರ್ಟಿಕಲ್‌ಶಿಪ್‌ಗೆ ಹುಡುಗರು ಬೇಕಾದಾಗ ತಮ್ಮ ಹಳೆಯ ಮೇಷ್ಟ್ರಿಗೇ ಫೋನ್ ಮಾಡುತ್ತಾರೆ. 'ಸರ್, ಲೆಕ್ಕ ಬರದಿದ್ರೂ ಪರವಾಗಿಲ್ಲ, ಕಲಿಸ್ಕೋತೀನಿ. ನಂಬಿಕಸ್ಥ ಹುಡುಗ ಇದ್ರೆ ಹೇಳಿ.' ಮೇಷ್ಟ್ರು ಮೇಜಿನ ಖಾನೆಯಿಂದ ಪುಸ್ತಕ ತೆಗೆಯುತ್ತಾರೆ. ಕಾಲೇಜಿನ ಸೀಲು ಬಿದ್ದ ಮೆಂಟರ್ ಪುಸ್ತಕ ಅದಲ್ಲ, ಅವರದೇ ನೋಟ್‌ಬುಕ್ಕು. ಅದರಲ್ಲಿ ಹೆಸರಿನ ಮುಂದೆ ಊರು, ಊರಿನ ಮುಂದೆ ಬಸ್ಸಿನ ಹೊತ್ತು, ಅದರ ಮುಂದೆ ಆ ವಿದ್ಯಾರ್ಥಿ ಯಾವ ಅಧ್ಯಾಯದಲ್ಲಿ ಎಡವಿದ್ದ ಎಂದು ಪೆನ್ಸಿಲಿನಲ್ಲಿ ಬರೆದಿರುತ್ತದೆ.